ಸ್ಟ್ಯಾಂಡರ್ಡ್ ಹೆರಾಲ್ಡ್: ಮುಂಗಾಲಿಯ ವರ್ಟಿಕಲ್ ಲಿಂಕಿನ ಥ್ರೆಡ್ ಹಾಳಾಗಿದೆ, ಉಳಿಸಿಕೊಳ್ಳಬಹುದೇ?

ಮೈಸೂರಿನ ಹೆರಾಲ್ಡ್:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1967ರಲ್ಲಿ ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಹನ್ನೊಂದು ವರ್ಷಗಳಿಂದ ಷೆಡ್ಡಿನಲ್ಲಿ ನಿಂತಿತ್ತು. ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದು ಎರಡು ತಿಂಗಳಿನಿಂದ ಕೆಲಸ ಮಾಡಿಸುತ್ತಿದ್ದೇನೆ. 948 ಸಿಸಿ ಎಂಜಿನ್ ಹೆಚ್ಚು ಕಾಡದೆ ಚಾಲೂ ಆಯಿತು, ಬ್ರೇಕಿನ ಕೆಲಸವೂ ಮುಗಿಯಿತು. ತೊಂದರೆ ಎದುರಾದದ್ದು ಎಡಗಡೆಯ ಮುಂಗಾಲಿ ಬಿಚ್ಚಿದಾಗ.

ಹೆರಾಲ್ಡ್ ಬಲ್ಲವರಿಗೆ ಗೊತ್ತಿರುವಂತೆ ಇದರಲ್ಲಿ ಚಕ್ರ ಹೊರಳಲು ಕಿಂಗ್‌ಪಿನ್ ಎಂಬ ಗೂಟ ಬೇರೆ ಇಲ್ಲ. ಚಕ್ರದ ಸ್ಟಬ್ ಆಕ್ಸಲನ್ನೂ ಸ್ಟಿಯರಿಂಗ್ ಆರ್ಮನ್ನೂ ಹೊತ್ತಿರುವ ವರ್ಟಿಕಲ್ ಲಿಂಕಿನ ಮೇಲ್ತುದಿ ಬಾಲ್ ಜಾಯಿಂಟಿಗೆ ಸೇರುತ್ತದೆ. ಕೆಳತುದಿಯಲ್ಲಿರುವ ದಪ್ಪನೆಯ ಥ್ರೆಡ್ಡು, ಅಂದರೆ ತಿರುಪಿನ ಸುತ್ತುಗಳು, ಟ್ರನಿಯನ್ ಎಂಬ ಕಂಚಿನ ಭಾಗದೊಳಕ್ಕೆ ತಿರುಗಿಕೊಂಡು ಕೂರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಚಕ್ರ ಹೊರಳುವುದು ಈ ಥ್ರೆಡ್ಡಿನ ಮೇಲೆಯೇ.

ಟ್ರನಿಯನ್ ಸವೆದಿದ್ದರಿಂದ ಹೊಸ ಜೋಡಿ ತರಿಸಿದ್ದೆ. ಎಡಗಡೆಗೆ ಎಡ ಥ್ರೆಡ್ಡಿನದು, ಬಲಗಡೆಗೆ ಬಲ ಥ್ರೆಡ್ಡಿನದು ಎಂಬ ವಿಷಯ ನಮ್ಮ ಮೆಕ್ಯಾನಿಕ್‌ಗೆ ತಿಳಿದಿರಲಿಲ್ಲ. ಅವರು ಬಲಗಡೆಯ ಟ್ರನಿಯನ್ನನ್ನು ಎಡಗಡೆಯ ಲಿಂಕಿಗೆ ಇಟ್ಟು, ಅದು ಹತ್ತದಿದ್ದಾಗ ಉದ್ದನೆಯ ಪಾನಾ ಹಾಕಿ ತಿರುಗಿಸಿಬಿಟ್ಟರು. ಲಿಂಕಿನ ತುದಿಯ ಎರಡು ಮೂರು ಸುತ್ತು ಥ್ರೆಡ್ ಹರಿದು ಮಡಚಿಕೊಂಡಿದೆ. ಮೇಲ್ಭಾಗದಲ್ಲಿ ಒಂದಷ್ಟು ಹಳೆಯ ತುಕ್ಕಿನ ಗುಳಿಗಳೂ ಕಾಣುತ್ತಿವೆ, ಅದು ಬೇರೆ ವಿಷಯ.

ಊರಿನ ಒಬ್ಬ ಟರ್ನರ್, ಹಾಳಾದ ಜಾಗಕ್ಕೆ ವೆಲ್ಡಿಂಗ್ ತುಂಬಿ, ಲೇತಿನಲ್ಲಿ ಸವರಿ, ಹೊಸ ಥ್ರೆಡ್ ಹೊಡೆದುಕೊಡುತ್ತೇನೆ ಎನ್ನುತ್ತಿದ್ದಾರೆ. ತಂದೆಯವರ ಕಾರಿನ ಮೂಲ ಭಾಗ ಉಳಿದರೆ ನನಗೆ ಸಂತೋಷ. ಹಾಗೆ ಮಾಡಿಸಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಪದ್ಮಿನಿ ಪ್ರಿಯ:
ವೆಲ್ಡಿಂಗ್ ಯಾಕೆ ಸರ್, ಹೆಲಿಕಾಯಿಲ್ ಹಾಕಿಸಿ. ನನ್ನ ಪದ್ಮಿನಿಯ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ ಹೋಗಿದ್ದಾಗ ಹಾಗೆಯೇ ಸರಿಪಡಿಸಿದೆವು, ಇಂದಿಗೂ ಗಟ್ಟಿಯಾಗಿದೆ.

ಲೇತಿನ ಮೇಷ್ಟ್ರು:
ಪದ್ಮಿನಿಯವರೇ, ಹೆಲಿಕಾಯಿಲ್ ಎಂಬುದು ತೂತಿನ ಒಳಗಿನ ಥ್ರೆಡ್ಡಿಗೆ ಹಾಕುವ ತಂತಿಯ ಸುರುಳಿ. ತೂತನ್ನು ದೊಡ್ಡದು ಮಾಡಿ, ಬೇರೆ ಟ್ಯಾಪು ಹೊಡೆದು, ಆ ಸುರುಳಿಯನ್ನು ಕೂರಿಸಿದರೆ ಮೊದಲಿನ ಅಳತೆಯ ಬೋಲ್ಟು ಮತ್ತೆ ಹಿಡಿಯುತ್ತದೆ. ಇಲ್ಲಿ ಹಾಳಾಗಿರುವುದು ಸರಳಿನ ಹೊರಗಿನ ಥ್ರೆಡ್ಡು, ಆದ್ದರಿಂದ ಆ ಉಪಾಯ ಇದಕ್ಕೆ ಹೊಂದುವುದಿಲ್ಲ.

ಮೈಸೂರಿನವರೇ, ನಾನು ಪೀಣ್ಯದ ವರ್ಕ್‌ಷಾಪುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೇತಿನ ಮುಂದೆ ನಿಂತವನು. ಎಡ ಥ್ರೆಡ್ ಹೊಡೆಯುವುದು ನನಗೆ ಹೊಸದಲ್ಲ. ಸ್ಪಿಂಡಲನ್ನು ಮಾಮೂಲಿನಂತೆ ಮುಂದಕ್ಕೆ ತಿರುಗಿಸುತ್ತಾ, ಟೂಲನ್ನು ಸರಳನ್ನು ಹಿಡಿದು ತಿರುಗಿಸುವ ಹೆಡ್‌ಸ್ಟಾಕಿನ ಕಡೆಯಿಂದ ಎದುರು ತುದಿಯ ಟೈಲ್‌ಸ್ಟಾಕಿನ ಕಡೆಗೆ ಓಡಿಸಬೇಕು. ಟೂಲು ಹೊರಡುವುದಕ್ಕೆ ಮೊದಲೇ ಒಂದು ಕಾಲುವೆ ತೆಗೆದುಕೊಳ್ಳಬೇಕು. ಕೈಯಲ್ಲಿ ಕಸುಬಿದ್ದರೆ ನೋಡುವುದಕ್ಕೆ ಚೆಂದವಾದ ಥ್ರೆಡ್ಡನ್ನೇ ಹೊಡೆಯಬಹುದು. ಇಲ್ಲಿರುವ ಅಪಾಯವೂ ಅದೇ. ವೆಲ್ಡಿಂಗ್ ತುಂಬಿ ಹೊಡೆದ ಥ್ರೆಡ್ಡು ಹೊಸದರಂತೆ ಹೊಳೆಯುತ್ತದೆ, ಒಳಗೆ ಏನಾಗಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಸ್ಟಿಯರಿಂಗಿನ ಭಾಗಗಳ ವಿಷಯದಲ್ಲಿ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಮಡಚಿದ ಥ್ರೆಡ್ಡನ್ನು ನೆಟ್ಟಗೆ ಮಾಡಿಕೊಡುತ್ತೇನೆ, ಇಲ್ಲದ ಥ್ರೆಡ್ಡನ್ನು ಹುಟ್ಟಿಸಿಕೊಡುವುದಿಲ್ಲ. ಆದ್ದರಿಂದ ಮೊದಲು ಲಿಂಕನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿ ಬ್ರಷ್ಷಿನಿಂದ ತೊಳೆದು, ಎಷ್ಟು ಸುತ್ತು ಮಡಚಿದೆ, ಎಷ್ಟು ಸುತ್ತು ಕಿತ್ತುಹೋಗಿದೆ, ಒಟ್ಟು ಎಷ್ಟು ಸುತ್ತು ಇದೆ ಎಂದು ಎಣಿಸಿ ಹೇಳಿ. ತುಕ್ಕಿನ ಗುಳಿಗಳು ಎಲ್ಲಿವೆ ಎಂಬುದನ್ನೂ ಬರೆಯಿರಿ. ನೀವು ಅದನ್ನು ಬೇರೆ ವಿಷಯ ಎಂದಿದ್ದೀರಿ. ನನಗೆ ಅದೇ ಮುಖ್ಯ ವಿಷಯ ಅನ್ನಿಸುತ್ತಿದೆ.

ಮಲೆನಾಡ ಜೀಪು:
ಇಷ್ಟು ಹೆದರಿಸುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ತೋಟದ ಜೀಪಿನಲ್ಲಿ ಸ್ಟಿಯರಿಂಗಿನಿಂದ ಚಕ್ರಕ್ಕೆ ಸೇರುವ ಸರಳಾದ ಟೈ ರಾಡಿನ ತುದಿಯ ಥ್ರೆಡ್ ಹೋದಾಗ ಬಾಳೆಹೊನ್ನೂರಿನ ಒಬ್ಬ ವೆಲ್ಡರ್ ತುಂಬಿಸಿ ಕೊಟ್ಟರು. ಒಂಬತ್ತು ವರ್ಷವಾಯಿತು. ಕಾಫಿ ಮೂಟೆ ಹೇರಿಕೊಂಡು ಕಲ್ಲು ದಾರಿಯಲ್ಲಿ ದಿನಾ ಓಡಾಡುತ್ತಿದೆ. ನಮ್ಮ ಹಿರಿಯರ ಕಾಲದಲ್ಲಿ ಹೊಸ ಭಾಗ ತರಿಸಿಕೊಳ್ಳಲು ಯಾರಿಗೆ ಸಾಧ್ಯವಿತ್ತು? ಇದ್ದುದನ್ನು ಕಟ್ಟಿ, ಬೆಸೆದು ಓಡಿಸಿದ್ದರಿಂದಲೇ ಈ ಹಳೆಯ ಗಾಡಿಗಳು ಇಂದಿಗೂ ಉಳಿದಿವೆ.

ಲೋಹಶಾಸ್ತ್ರ:
ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರ ಪಾಠ ಹೇಳುವವಳು. ಜೀಪಿನವರ ಮಾತಿನಲ್ಲಿರುವ ಅಭಿಮಾನವನ್ನು ಗೌರವಿಸುತ್ತೇನೆ. ಆದರೆ ಎರಡೂ ಭಾಗಗಳ ಮೇಲೆ ಬೀಳುವ ಭಾರ ಒಂದೇ ಬಗೆಯದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ಟೈ ರಾಡು ಚಕ್ರಗಳನ್ನು ಎಳೆಯುತ್ತದೆ, ತಳ್ಳುತ್ತದೆ. ಅದು ಗಾಡಿಯ ತೂಕವನ್ನು ಹೊರುವುದಿಲ್ಲ. ಹೆರಾಲ್ಡಿನ ಮುಂಗಾಲಿಯಲ್ಲಿ ಕಾಯಿಲ್ ಸ್ಪ್ರಿಂಗು ಕೆಳಗಿನ ವಿಶ್‌ಬೋನಿನ, ಅಂದರೆ ಚಕ್ರದ ಭಾಗಗಳನ್ನು ಕಾರಿಗೆ ಸೇರಿಸುವ ತೋಳಿನ, ಮೇಲೆ ಕೂತಿರುತ್ತದೆ. ಸ್ಪ್ರಿಂಗು ಆ ವಿಶ್‌ಬೋನನ್ನೂ ಅದರ ತುದಿಯಲ್ಲಿರುವ ಟ್ರನಿಯನ್ನನ್ನೂ ಕೆಳಕ್ಕೆ ಒತ್ತುತ್ತದೆ, ರಸ್ತೆಯು ಚಕ್ರವನ್ನೂ ಅದರೊಡನೆ ವರ್ಟಿಕಲ್ ಲಿಂಕನ್ನೂ ಮೇಲಕ್ಕೆ ತಳ್ಳುತ್ತದೆ. ಅಂದರೆ ಲಿಂಕು ಸದಾಕಾಲ ಟ್ರನಿಯನ್ನಿನಿಂದ ಕಿತ್ತುಕೊಂಡು ಹೊರಬರಲು ಎಳೆಯುತ್ತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಆ ಥ್ರೆಡ್ಡು ಮಾತ್ರ. ಸುಮಾರು 800 ಕಿಲೋ ತೂಗುವ ಕಾರಿನ ಒಂದು ಮೂಲೆಯ ಭಾರ, ಗುಂಡಿಯಲ್ಲಿ ಇಳಿದಾಗ ಅದರ ಕೆಲವು ಪಟ್ಟು, ಬ್ರೇಕ್ ಹಾಕಿದಾಗ ಬಾಗಿಸುವ ಬಲ, ಇವೆಲ್ಲವೂ ಅಲ್ಲಿಯೇ ಬೀಳುತ್ತವೆ. ಥ್ರೆಡ್ಡು ಜಾರಿದರೆ ಅಥವಾ ಸರಳು ಮುರಿದರೆ ಚಕ್ರ ಕಾರಿನ ಅಡಿಗೆ ಮಡಚಿಕೊಳ್ಳುತ್ತದೆ. ಸ್ಟ್ಯಾಂಡರ್ಡ್ ಹೆರಾಲ್ಡಿನ ಮೂಲವಾದ ಬ್ರಿಟನ್ನಿನ ಟ್ರಯಂಫ್ ಕಾರುಗಳಲ್ಲಿ ಇದು ಹೆಸರಾದ ಅಪಾಯ.

ಇನ್ನು ವೆಲ್ಡಿಂಗಿನ ವಿಷಯ. ಈ ಲಿಂಕು ಫೋರ್ಜ್ ಮಾಡಿ, ಅಂದರೆ ಕಾಯಿಸಿ ಬಡಿದು, ಹದ ಕೊಟ್ಟ ಉಕ್ಕು. ವೆಲ್ಡಿಂಗಿನ ಶಾಖ ತಗುಲಿದ ಅಂಚಿನಲ್ಲಿ ಆ ಹದ ಕೆಡುತ್ತದೆ. ಮೊದಲು ನಿಧಾನವಾಗಿ ಕಾಯಿಸದೆ ಬೆಸೆದರೆ, ಬೆಸೆದ ಜಾಗದ ಪಕ್ಕದ ಉಕ್ಕು ಬೇಗ ತಣಿದು ಗಾಜಿನಂತೆ ಪೆಡಸಾಗುತ್ತದೆ. ಅದೇ ಜಾಗದಲ್ಲಿ ಚೂಪಾದ ಥ್ರೆಡ್ಡಿನ ಬುಡವನ್ನು ಕೊರೆದಿರೆಂದರೆ, ಬಿರುಕು ಹುಟ್ಟಲು ಬೇಕಾದ ಎಲ್ಲವನ್ನೂ ಒಂದೆಡೆ ಸೇರಿಸಿದಂತಾಗುತ್ತದೆ. ಇಂಥ ಬಿರುಕು ಒಂದೇ ಏಟಿಗೆ ಬರುವುದಿಲ್ಲ. ಪ್ರತಿ ಗುಂಡಿಗೂ ಕೂದಲೆಳೆಯಷ್ಟು ಬೆಳೆಯುತ್ತಾ ಹೋಗಿ, ಉಳಿದ ಲೋಹ ಸಾಲದಾದ ದಿನ ಮುರಿಯುತ್ತದೆ. ಒಂಬತ್ತು ವರ್ಷ ಓಡಿದೆ ಎಂಬುದು ಹತ್ತನೆಯ ವರ್ಷಕ್ಕೆ ಜಾಮೀನಾಗುವುದಿಲ್ಲ.

ಮಲೆನಾಡ ಜೀಪು:
ಮೇಡಂ, ಹೆರಾಲ್ಡಿನಲ್ಲಿ ತೂಕ ಥ್ರೆಡ್ಡಿನ ಮೇಲೆ ಬೀಳುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ, ಒಪ್ಪಿದೆ. ಆದರೆ ವೆಲ್ಡಿಂಗ್ ಎಂದರೆ ಎಲ್ಲವೂ ಕೆಟ್ಟದ್ದು ಎಂಬಂತೆ ಬರೆಯಬೇಡಿ. ರೈಲ್ವೆ ಹಳಿಗಳನ್ನು ಬೆಸೆಯುವುದಿಲ್ಲವೇ? ಸರಿಯಾಗಿ ಕಾಯಿಸಿ, ಸರಿಯಾದ ರಾಡಿನಿಂದ ಬೆಸೆದು, ನಿಧಾನವಾಗಿ ಆರಿಸಿದರೆ ಕೆಲಸ ನಿಲ್ಲುತ್ತದೆ.

ಲೋಹಶಾಸ್ತ್ರ:
ನಿಲ್ಲುತ್ತದೆ, ನಿಜ. ಹಳಿಗಳ ಬೆಸುಗೆಯನ್ನು ಅಲ್ಟ್ರಾಸಾನಿಕ್ ಯಂತ್ರದಿಂದ ಪರೀಕ್ಷಿಸುತ್ತಾರೆ, ಮತ್ತೆ ಮತ್ತೆ ಪರೀಕ್ಷಿಸುತ್ತಲೇ ಇರುತ್ತಾರೆ. ನಿಮ್ಮ ಟೈ ರಾಡನ್ನು ಈ ಒಂಬತ್ತು ವರ್ಷಗಳಲ್ಲಿ ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಮೈಸೂರಿನ ಹೆರಾಲ್ಡ್:
ಮೇಷ್ಟ್ರು ಹೇಳಿದಂತೆ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಇಟ್ಟು ತೊಳೆದೆ. ತುದಿಯ ಮೊದಲ ಸುತ್ತು ಅರ್ಧಕ್ಕೂ ಹೆಚ್ಚು ಕಿತ್ತುಹೋಗಿದೆ. ಎರಡನೆಯದೂ ಮೂರನೆಯದೂ ಒಂದು ಪಕ್ಕಕ್ಕೆ ಮಡಚಿವೆ, ಲೋಹ ಹೋಗಿಲ್ಲ. ಮಿಕ್ಕ ಸುತ್ತುಗಳು ನಡುವೆಯೆಲ್ಲ ಚೊಕ್ಕಟವಾಗಿವೆ.

ತುಕ್ಕಿನ ಗುಳಿಗಳು ಇರುವುದು ಥ್ರೆಡ್ಡಿನ ಮೇಲ್ತುದಿಯಲ್ಲಿ, ಅಂದರೆ ಥ್ರೆಡ್ ಮುಗಿದು ನುಣುಪಾದ ಸರಳು ಶುರುವಾಗುವ ಕಡೆ. ಟ್ರನಿಯನ್ನಿನ ಬಾಯಿ ಸರಿಯಾಗಿ ಅಲ್ಲಿಗೆ ಬರುತ್ತದೆ. ನೀರು ತಡೆಯುವ ರಬ್ಬರಿನ ಉಂಗುರ ಪುಡಿಪುಡಿಯಾಗಿತ್ತು. ಟ್ರನಿಯನ್ನಿನ ಒಳಗೆ ಕಪ್ಪಗೆ ಒಣಗಿ ಗಟ್ಟಿಯಾಗಿದ್ದ ಗ್ರೀಸನ್ನು ಕಡ್ಡಿಯಿಂದ ಕೆರೆದು ತೆಗೆಯಬೇಕಾಯಿತು.

ಹುಬ್ಬಳ್ಳಿಯ ಹೊಸಬ:
ನಾನು ಈ ವಿಷಯಕ್ಕೆ ಹೊಸಬ, ತಪ್ಪಿದ್ದರೆ ತಿದ್ದಿ. ವಾಲ್ವ್ ಕೂರಿಸಲು ಬಳಸುವ ಗ್ರೈಂಡಿಂಗ್ ಪೇಸ್ಟನ್ನು ಥ್ರೆಡ್ಡಿಗೆ ಹಚ್ಚಿ, ಸರಿಯಾದ ಟ್ರನಿಯನ್ನನ್ನು ಹಿಂದೆ ಮುಂದೆ ತಿರುಗಿಸುತ್ತಾ ಹೋದರೆ ಎರಡೂ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲವೇ?

ಲೇತಿನ ಮೇಷ್ಟ್ರು:
ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಈ ತಪ್ಪನ್ನು ಬಲ್ಲವರೂ ಮಾಡುತ್ತಾರೆ. ಪೇಸ್ಟಿನ ಹರಳುಗಳು ಮೆದುವಾದ ಲೋಹದೊಳಗೆ ನಾಟಿಕೊಂಡು ಕೂರುತ್ತವೆ. ಇಲ್ಲಿ ಮೆದುವಾದದ್ದು ಕಂಚು. ಎಷ್ಟು ತೊಳೆದರೂ ಅವು ಪೂರ್ತಿ ಹೋಗುವುದಿಲ್ಲ. ಆಮೇಲೆ ಆ ಕಂಚೇ ಅರದಂತಾಗಿ, ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಉಕ್ಕಿನ ಥ್ರೆಡ್ಡನ್ನು ತಿನ್ನುತ್ತಾ ಹೋಗುತ್ತದೆ. ಸವೆದರೆ ಕಂಚು ಸವೆಯಲಿ, ಉಕ್ಕು ಉಳಿಯಲಿ ಎಂದು ಯೋಚಿಸಿ ಮಾಡಿದ ಜೋಡಿ ಇದು. ಪೇಸ್ಟು ಆ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ಮೈಸೂರಿನವರೇ, ತುದಿಯ ಹಾನಿಗೆ ಪರಿಹಾರವಿದೆ. ಕಿತ್ತುಹೋದ ಮೊದಲ ಸುತ್ತನ್ನು ಸಣ್ಣ ಅರದಿಂದ ಪೂರ್ತಿ ಸವರಿ, ತುದಿಗೆ ಚಿಕ್ಕ ಇಳಿಜಾರು ಕೊಡಿ. ಮಡಚಿದ ಎರಡು ಸುತ್ತುಗಳನ್ನು ಥ್ರೆಡ್ ಅರದಿಂದ ನೇರ ಮಾಡಿ. ಅದು ಚೌಕಾಕಾರದ ಅರ, ಒಂದೊಂದು ಮುಖದಲ್ಲೂ ಬೇರೆ ಬೇರೆ ಪಿಚ್ಚಿನ, ಅಂದರೆ ಸುತ್ತಿನಿಂದ ಸುತ್ತಿಗೆ ಬೇರೆ ಬೇರೆ ದೂರದ, ಹಲ್ಲುಗಳಿರುತ್ತವೆ. ಎಡ ಥ್ರೆಡ್ಡಿಗೂ ಬಲ ಥ್ರೆಡ್ಡಿಗೂ ಒಂದೇ ಅರ ಸಾಕು, ಓರೆ ಬದಲಿಸಿಕೊಂಡರಾಯಿತು. ಒಳ್ಳೆಯ ಸುತ್ತುಗಳ ಮೇಲೆ ಅರವನ್ನು ಕೂರಿಸಿ, ಅಲ್ಲಿಂದ ಹಾಳಾದ ಸುತ್ತಿನ ಕಡೆಗೆ ಎಳೆಯಬೇಕು, ಆಗ ಒಳ್ಳೆಯ ಥ್ರೆಡ್ಡೇ ದಾರಿ ತೋರಿಸುತ್ತದೆ. ಥ್ರೆಡ್ ಕೊರೆಯುವ ಬಳೆಯಂಥ ಡೈ ಹಾಕಬೇಡಿ. ಸುತ್ತಿನ ಮೇಲೆ ಸರಿಯಾಗಿ ಕೂರದ ಡೈ ಚೊಕ್ಕಟ ಥ್ರೆಡ್ಡನ್ನೂ ಕೊರೆದು ತೆಳುವಾಗಿಸುತ್ತದೆ.

ಆದರೆ ಇದನ್ನು ಮಾಡುವ ಮೊದಲು ಮೇಲ್ತುದಿಯ ಗುಳಿಗಳ ಬಗ್ಗೆ ಮೇಡಂ ಏನು ಹೇಳುತ್ತಾರೋ ಕೇಳಿ. ನನಗೆ ಅದು ಹಿಡಿಸುತ್ತಿಲ್ಲ.

ಅಂಬಾಸಿಡರ್ 1974:
ಗ್ರೀಸ್ ಒಣಗಿತ್ತು ಎಂದರೆ ಸಕಾಲಕ್ಕೆ ಗ್ರೀಸ್ ಹೊಡೆಸಿಲ್ಲ ಎಂದೇ ಅರ್ಥ. ನಮ್ಮ ಅಂಬಾಸಿಡರಿನಲ್ಲೂ ಥ್ರೆಡ್ ಇರುವ ಟ್ರನಿಯನ್ನುಗಳೇ ಇವೆ. ತಿಂಗಳಿಗೊಮ್ಮೆ ನಿಪ್ಪಲ್ಲುಗಳಿಗೆ ಗ್ರೀಸ್ ಗನ್ ಹಿಡಿದು, ಹಳೆಯ ಗ್ರೀಸು ಹೊರಬರುವವರೆಗೆ ಒತ್ತಿಸುತ್ತೇವೆ. ಮೂವತ್ತು ವರ್ಷಗಳಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ. ಹೆರಾಲ್ಡಿಗೂ ಅದನ್ನೇ ಮಾಡಿ.

ಕವೆಂಟ್ರಿ ಕನ್ನಡಿಗ:
ಅಂಬಾಸಿಡರಿನವರ ಮಾತಿಗೆ ಇಲ್ಲಿ ತಡೆ ಹಾಕಲೇಬೇಕಾಗಿದೆ. ನಾನು ಇರುವುದು ಟ್ರಯಂಫ್ ಹೆರಾಲ್ಡ್ ಹುಟ್ಟಿದ ಊರಾದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಇಲ್ಲಿನ ಹಳೆಯ ಟ್ರಯಂಫ್ ಮಾಲೀಕರ ನಡುವೆ ಅತ್ಯಂತ ಹೆಚ್ಚು ವಾದ ನಡೆಯುವುದು ಇದೇ ವಿಷಯಕ್ಕೆ. ಅಂಬಾಸಿಡರು ಮೋರಿಸ್ ಆಕ್ಸ್‌ಫರ್ಡ್ ವಂಶದ್ದು, ಅದರ ಟ್ರನಿಯನ್ನುಗಳನ್ನು ಗ್ರೀಸಿಗೆಂದೇ ರೂಪಿಸಿ ನಿಪ್ಪಲ್ಲು ಕೊಟ್ಟಿದ್ದಾರೆ. ಹೆರಾಲ್ಡಿನ ಟ್ರನಿಯನ್ನಿಗೆ ಟ್ರಯಂಫ್ ಕಂಪನಿ ಹೇಳಿದ್ದು 90 ದರ್ಜೆಯ ಹೈಪಾಯ್ಡ್ ಗೇರ್ ಎಣ್ಣೆ. ಟ್ರನಿಯನ್ನಿನಲ್ಲಿರುವ ಚಿಕ್ಕ ಪ್ಲಗ್ಗನ್ನು ತೆಗೆದು, ತಾತ್ಕಾಲಿಕವಾಗಿ ನಿಪ್ಪಲ್ಲು ಹಾಕಿ, ಎಣ್ಣೆ ತುಂಬಿದ ಗನ್ನಿನಿಂದ ಮೇಲಿನಿಂದ ಹೊರಸೂಸುವವರೆಗೆ ಒತ್ತಬೇಕು.

ಎಣ್ಣೆಯೇ ಏಕೆ ಎಂದರೆ, ಅದು ಥ್ರೆಡ್ಡಿನ ಎಲ್ಲ ಸುತ್ತುಗಳಿಗೂ ತಾನಾಗಿ ಹರಿದುಹೋಗುತ್ತದೆ. ಗ್ರೀಸು ಒತ್ತಿದ ಕಡೆ ಮಾತ್ರ ನಿಂತು, ಕಾಲಕ್ರಮದಲ್ಲಿ ಗಟ್ಟಿಯಾಗಿ ದಾರಿಯನ್ನೇ ಮುಚ್ಚುತ್ತದೆ. ಅನಂತರ ಹೊಡೆದ ಹೊಸ ಗ್ರೀಸೂ ಮೇಲಿನ ಸುತ್ತುಗಳನ್ನು ಮುಟ್ಟುವುದಿಲ್ಲ. ಮಳೆನೀರು ಮಾತ್ರ ರಬ್ಬರ್ ಉಂಗುರವನ್ನು ದಾಟಿ ಟ್ರನಿಯನ್ನಿನ ಬಾಯಲ್ಲಿ ನಿಲ್ಲುತ್ತದೆ, ಅಲ್ಲೇ ತುಕ್ಕು ಶುರುವಾಗುತ್ತದೆ. ಮೈಸೂರಿನವರು ವಿವರಿಸಿದ ಗುಳಿಗಳು ಸರಿಯಾಗಿ ಆ ಜಾಗದಲ್ಲಿಯೇ ಇವೆ. ಇಲ್ಲಿ ನಾನು ಕಣ್ಣಾರೆ ನೋಡಿದ ಮುರಿದ ಲಿಂಕುಗಳು ಎರಡು. ಎರಡೂ ಮುರಿದದ್ದು ಆ ಗೆರೆಯಲ್ಲೇ.

ಭಾಗ ಸಿಗುವುದಿಲ್ಲ ಎಂದು ಚಿಂತಿಸಬೇಡಿ. ಟ್ರಯಂಫಿನದೇ ಆದ ಸ್ಪಿಟ್‌ಫೈರ್ ಕಾರು ಇದೇ ಮುಂಗಾಲಿಯ ವಿನ್ಯಾಸವನ್ನು ಹೊತ್ತು 1962ರಿಂದ 1980ರವರೆಗೆ ತಯಾರಾಯಿತು. ಲೋಟಸ್ ಎಲಾನ್ ಕೂಡ ಟ್ರಯಂಫಿನ ವರ್ಟಿಕಲ್ ಲಿಂಕು, ಟ್ರನಿಯನ್ನುಗಳನ್ನೇ ಬಳಸಿಕೊಂಡಿತು. ಹಾಗಾಗಿ ಬ್ರಿಟನ್ನಿನಲ್ಲಿ ಇವಕ್ಕೆ ಇನ್ನೂ ಬೇಡಿಕೆಯಿದೆ, ಹೊಸದಾಗಿ ತಯಾರಾದವೂ ಸಿಗುತ್ತವೆ. ಡ್ರಮ್ ಬ್ರೇಕಿನದೋ ಡಿಸ್ಕಿನದೋ ಎಂಬುದನ್ನೂ, ಸ್ಟಬ್ ಆಕ್ಸಲ್ ಕೂರುವ ತೂತಿನ ಅಳತೆಯನ್ನೂ ನಿಮ್ಮ ಹಳೆಯದರೊಂದಿಗೆ ತಾಳೆ ನೋಡಿಯೇ ಕೊಳ್ಳಬೇಕು.

ಅಂಬಾಸಿಡರ್ 1974:
ಹೆರಾಲ್ಡಿಗೆ ಎಣ್ಣೆ ಎಂಬುದು ನನಗೆ ಹೊಸ ವಿಷಯ. ಆದರೂ ಒಂದು ಮಾತು. ಏನೂ ಹಾಕದೆ ಬಿಡುವುದಕ್ಕಿಂತ ಗ್ರೀಸು ಮೇಲು. ಎಣ್ಣೆ ಸೋರಿಹೋಗುತ್ತದೆ, ಜನ ಮರೆಯುತ್ತಾರೆ. ನಮ್ಮ ರಸ್ತೆಗಳ ಧೂಳಿಗೆ ಎಣ್ಣೆ ಎಷ್ಟು ದಿನ ನಿಂತೀತು?

ಕವೆಂಟ್ರಿ ಕನ್ನಡಿಗ:
ಸೋರುತ್ತದೆ, ಅದಕ್ಕೇ ಮತ್ತೆ ಮತ್ತೆ ಹಾಕಬೇಕು. ಸೋರುವ ಎಣ್ಣೆ ಧೂಳನ್ನೂ ನೀರನ್ನೂ ಹೊರಕ್ಕೆ ತಳ್ಳಿಕೊಂಡು ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪದ್ಮಿನಿ ಪ್ರಿಯ:
ಹೆಲಿಕಾಯಿಲ್ ವಿಷಯದಲ್ಲಿ ತಿದ್ದಿದ್ದಕ್ಕೆ ಧನ್ಯವಾದಗಳು ಮೇಷ್ಟ್ರೇ. ಇದಕ್ಕೆ ಹತ್ತಿರದ ಇನ್ನೊಂದು ಪ್ರಶ್ನೆ. ನನ್ನ ಕಾರಿನ ಟೈ ರಾಡಿನ ಬಾಲ್ ಜಾಯಿಂಟನ್ನು ಬಿಡಿಸುವಾಗ ಗ್ಯಾರೇಜಿನ ಹುಡುಗ ನಟ್ಟನ್ನು ಪೂರ್ತಿ ತೆಗೆದು, ಸ್ಟಡ್ಡಿನ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದ. ತಲೆ ಅಣಬೆಯಂತೆ ಅರಳಿತು, ಈಗ ನಟ್ಟು ಹತ್ತುತ್ತಿಲ್ಲ. ಇದನ್ನಾದರೂ ಅರದಿಂದ ಸರಿಮಾಡಬಹುದೇ?

ಲೇತಿನ ಮೇಷ್ಟ್ರು:
ಬಾಲ್ ಜಾಯಿಂಟು ಇಂದಿಗೂ ಅಂಗಡಿಯಲ್ಲಿ ಸಿಗುವ ಭಾಗ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಪದ್ಮಿನಿಯದು ಸಿಗುತ್ತದೆ. ಹೊಸದು ಹಾಕಿ, ಅರದ ಮಾತೇ ಬೇಡ. ಇನ್ನು ಮುಂದೆ ಬಿಡಿಸುವಾಗ ಎಳೆದು ಬಿಡಿಸುವ ಪುಲ್ಲರ್ ಎಂಬ ಸಾಧನ ಬಳಸಿ. ಪುಲ್ಲರ್ ಇಲ್ಲದಿದ್ದರೆ ನಟ್ಟನ್ನು ಕೆಲವು ಸುತ್ತು ಸಡಿಲಿಸಿ ಅಲ್ಲೇ ಬಿಟ್ಟು, ಸ್ಟಡ್ಡು ಕೂತಿರುವ ಆರ್ಮಿನ ಕಣ್ಣಿಗೆ, ಅಂದರೆ ತೂತಿನ ಸುತ್ತಲಿನ ಭಾಗಕ್ಕೆ, ಒಂದು ಪಕ್ಕದಲ್ಲಿ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಪಕ್ಕದಿಂದ ಇನ್ನೊಂದು ಸುತ್ತಿಗೆಯಿಂದ ಹೊಡೆಯಿರಿ. ಆ ಕಣ್ಣು ಕ್ಷಣಮಾತ್ರ ಅದುಮಿಕೊಂಡು, ಅದರಲ್ಲಿ ಬಿಗಿದು ಕೂತ ಸ್ಟಡ್ಡಿನ ಟೇಪರ್ (ಇಳಿಜಾರು ಭಾಗ) ಬಿಟ್ಟುಕೊಳ್ಳುತ್ತದೆ, ಥ್ರೆಡ್ಡಿಗೆ ಏಟು ತಗುಲುವುದಿಲ್ಲ.

ನಟ್ಟಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಥ್ರೆಡ್ಡುಗಳು ಹಾಳಾಗಲು ದೊಡ್ಡ ಕಾರಣ ಇಂಚು ಮತ್ತು ಮಿಲಿಮೀಟರು ಬೆರೆತುಹೋಗಿರುವುದು. ಪದ್ಮಿನಿ ಇಟಲಿಯ ಫಿಯಟ್ ಮೂಲದ್ದು, ಮಿಲಿಮೀಟರ್ ಥ್ರೆಡ್ಡು. ಹೆರಾಲ್ಡೂ ಹಳೆಯ ಅಂಬಾಸಿಡರೂ ಬ್ರಿಟಿಷ್ ಮೂಲದವು, ಅವುಗಳಲ್ಲಿ ಹೆಚ್ಚಿನವು ಯುಎನ್‌ಎಫ್ ಎಂಬ ಇಂಚಿನ ಲೆಕ್ಕದ ಸಣ್ಣ ಹಲ್ಲಿನ ಥ್ರೆಡ್ಡು. 3/8 ಇಂಚಿನ ಯುಎನ್‌ಎಫ್ ಸ್ಟಡ್ಡಿನ ವ್ಯಾಸ 9.5 ಮಿ.ಮೀ., ಇಂಚಿಗೆ 24 ಸುತ್ತು. ಅದಕ್ಕೆ 10 ಮಿ.ಮೀ. ನಟ್ಟನ್ನು ಇಟ್ಟರೆ ಶುರುವಿನಲ್ಲಿ ಸಡಿಲವಾಗಿ ಹತ್ತುತ್ತದೆ. ಪಿಚ್ಚು ಬೇರೆಯಾದ್ದರಿಂದ ಸ್ವಲ್ಪದರಲ್ಲೇ ಬಿಗಿಯುತ್ತದೆ. ಬಿಗಿಯಿತು ಎಂದು ಹುಡುಗರು ಬಿಟ್ಟುಬಿಡುತ್ತಾರೆ. ಅದು ನಟ್ಟು ಬಿಗಿಯಾದದ್ದಲ್ಲ, ಥ್ರೆಡ್ಡು ಸಿಕ್ಕಿಕೊಂಡದ್ದು. ನನ್ನ ಬಳಿಗೆ ಬಂದ ಒಂದು ಹಳೆಯ ಬ್ರಿಟಿಷ್ ಕಾರಿನ ಸ್ಟಿಯರಿಂಗ್ ಆರ್ಮಿನಲ್ಲಿ ಇಂಥ ನಟ್ಟು ಎಷ್ಟು ದಿನದಿಂದ ಇತ್ತೋ, ಬೆರಳಿನಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು.

ಪಿಚ್ ಗೇಜನ್ನೊಂದೇ ನಂಬಿಕೊಳ್ಳಬೇಡಿ. ಇಂಚಿಗೆ 20 ಸುತ್ತು ಎಂದರೆ 1.27 ಮಿ.ಮೀ. ಪಿಚ್ಚು. ಮಿಲಿಮೀಟರಿನ 1.25 ಗೇಜು ನಾಲ್ಕೈದು ಸುತ್ತಿನಲ್ಲಿ ಅದಕ್ಕೂ ಸರಿಯಾಗಿ ಕೂತಂತೆ ತೋರುತ್ತದೆ. ಜೊತೆಗೆ ವ್ಯಾಸವನ್ನೂ ಕ್ಯಾಲಿಪರಿನಿಂದ ಅಳೆಯಿರಿ. ಅರ್ಧ ಇಂಚಿನದು 12.7 ಇರುತ್ತದೆ, 12 ಮಿಲಿಮೀಟರಿನದು 12ನ್ನು ಮೀರುವುದಿಲ್ಲ.

ಲೋಹಶಾಸ್ತ್ರ:
ಮೈಸೂರಿನವರ ಗುಳಿಗಳ ವಿಷಯಕ್ಕೆ ಮರಳುತ್ತೇನೆ. ನಟ್ಟು ಬೋಲ್ಟುಗಳಲ್ಲಿ ಭಾರ ಎಲ್ಲ ಸುತ್ತುಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಸಾಮಾನ್ಯ ನಟ್ಟಿನಲ್ಲಿ, ಎಳೆತ ಬರುವ ಕಡೆಯ ಮೊದಲ ಸುತ್ತೊಂದೇ ಸುಮಾರು ಮೂರನೇ ಒಂದು ಭಾಗದ ಭಾರವನ್ನು ಹೊರುತ್ತದೆ. ಈ ಲಿಂಕಿನಲ್ಲಿ ಎಳೆತ ಬರುವುದು ಮೇಲಿನಿಂದ. ಆದ್ದರಿಂದ ಮೆಕ್ಯಾನಿಕ್ ಕೆಡಿಸಿದ ಕೆಳತುದಿಯ ಸುತ್ತುಗಳು ಹೆಚ್ಚು ಭಾರ ಹೊರುವವೇ ಅಲ್ಲ. ತುಕ್ಕು ತಿಂದ ಮೇಲಿನ ಸುತ್ತುಗಳೇ ಹೊರುವವು. ನೀವು ಯಾವುದನ್ನು ಕಂಡು ಗಾಬರಿಯಾದಿರೋ ಅದು ಅರದಿಂದ ಸರಿಹೋಗುತ್ತದೆ. ಯಾವುದನ್ನು ಬದಿಗಿಟ್ಟಿರೋ ಅದರಿಂದ ಪ್ರಾಣಕ್ಕೆ ಅಪಾಯ.

ಬಿರುಕು ಇದೆಯೇ ಎಂದು ತಿಳಿಯಲು ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿ (ಇಲ್ಲಿ ಡೈ ಎಂದರೆ ಬಣ್ಣ), ಮೂರು ಡಬ್ಬಿಗಳ ಸೆಟ್ಟು ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲು ಕ್ಲೀನರಿನಿಂದ ಜಿಡ್ಡು ಸ್ವಲ್ಪವೂ ಉಳಿಯದಂತೆ ತೊಳೆದು ಒಣಗಿಸಿ. ಕೆಂಪು ಬಣ್ಣವನ್ನು ಸಿಂಪಡಿಸಿ ಇಪ್ಪತ್ತು ನಿಮಿಷ ಬಿಡಿ, ಬಿರುಕಿದ್ದರೆ ಅದರೊಳಕ್ಕೆ ಬಣ್ಣ ತಾನಾಗಿ ಇಳಿಯುತ್ತದೆ. ಅನಂತರ ಮೇಲಿನ ಬಣ್ಣವನ್ನು ಬಟ್ಟೆಯಿಂದ ಒರೆಸಿ. ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಬೇಕು, ಭಾಗದ ಮೇಲೆ ನೇರವಾಗಿ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಕೊನೆಗೆ ಬಿಳಿಯ ಡೆವಲಪರ್ ಹೊಡೆದು ಹತ್ತು ನಿಮಿಷ ಕಾದು ನೋಡಿ. ಬಿರುಕಿದ್ದರೆ ಬಿಳುಪಿನ ಮೇಲೆ ಕೆಂಪು ಗೆರೆ ಮೂಡುತ್ತದೆ. ಥ್ರೆಡ್ಡಿನ ಬುಡದಲ್ಲಿ ಬಣ್ಣ ಸುಮ್ಮನೆಯೂ ನಿಲ್ಲುವುದರಿಂದ ಗೊಂದಲವಾಗಬಹುದು. ಆಗ ಭಾಗವನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡುವ ಲ್ಯಾಬಿಗೆ ಕೊಡಿ, ಉಕ್ಕಿಗೆ ಅದು ಇನ್ನೂ ನಂಬಿಕೆಯದು.

ಗೆರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಆ ಲಿಂಕನ್ನು ಬಳಸಿ ಎಂದು ನಾನು ಹೇಳಲಾರೆ. ಗುಳಿ ಎಂದರೆ ಬಿರುಕು ಹುಟ್ಟಲು ಸಿದ್ಧವಾಗಿರುವ ಜಾಗ.

ಹುಬ್ಬಳ್ಳಿಯ ಹೊಸಬ:
ಮೇಲಿನ ಸುತ್ತು ಹೆಚ್ಚು ಭಾರ ಹೊರುತ್ತದೆ ಎಂಬುದನ್ನು ಓದಿ, ನಟ್ಟು ಬೋಲ್ಟನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು ಮೇಡಂ.

ಮೈಸೂರಿನ ಹೆರಾಲ್ಡ್:
ಫಲಿತಾಂಶ ಬಂದಿದೆ. ಮನೆಯಲ್ಲಿ ಮಾಡಿದ ಡೈ ಪರೀಕ್ಷೆಯಲ್ಲಿ ಮೇಲಿನಿಂದ ಎರಡನೆಯ ಸುತ್ತಿನ ಬುಡದಲ್ಲಿ ಕೆಂಪು ಗೆರೆ ಕಾಣಿಸಿತು. ಅದು ಥ್ರೆಡ್ಡಿನಲ್ಲಿ ನಿಂತ ಬಣ್ಣವಿರಬಹುದೆಂಬ ಅನುಮಾನದಿಂದ ಬೆಂಗಳೂರಿನ ಒಂದು ಲ್ಯಾಬಿಗೆ ಒಯ್ದೆ. ಅವರು ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿ, ಸರಳಿನ ಸುತ್ತಳತೆಯ ಸುಮಾರು ನಾಲ್ಕನೇ ಒಂದು ಭಾಗದವರೆಗೆ ಬಿರುಕು ಓಡಿದೆ ಎಂದು ತೋರಿಸಿದರು. ಕಪ್ಪು ಪುಡಿ ಆ ಗೆರೆಯಲ್ಲಿ ಸಾಲಾಗಿ ನಿಂತದ್ದನ್ನು ಕಂಡಾಗ ನನಗೆ ಮಾತು ಹೊರಡಲಿಲ್ಲ. ಕಾರು ನಿಲ್ಲುವ ಮುಂಚಿನ ವರ್ಷ ತಂದೆಯವರು ಇದೇ ಕಾರಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಮಡಿಕೇರಿ ಘಟ್ಟ ಹತ್ತಿ ಇಳಿದಿದ್ದರು.

ಮೆಕ್ಯಾನಿಕ್ ತಪ್ಪು ಟ್ರನಿಯನ್ ಹಾಕಿ ತುದಿಯನ್ನು ಕೆಡಿಸದೆ ಹೋಗಿದ್ದರೆ, ನಾನು ಹೊಸ ಟ್ರನಿಯನ್ ಹಾಕಿಸಿ, ಈ ಲಿಂಕನ್ನೇ ಉಳಿಸಿಕೊಂಡು ರಸ್ತೆಗೆ ಇಳಿಯುತ್ತಿದ್ದೆ. ಅವರ ಮೇಲಿದ್ದ ಸಿಟ್ಟು ಹೋಯಿತು. ಎರಡೂ ಕಡೆಗೆ ಹೊಸ ಲಿಂಕುಗಳನ್ನು ಹೇಳಿದ್ದೇನೆ.

ಮಲೆನಾಡ ಜೀಪು:
ಕುಟುಂಬ ಸುರಕ್ಷಿತವಾಗಿರುವುದೇ ದೊಡ್ಡದು. ಹೊಸದು ಬರುವವರೆಗೂ ಆ ಕಾರನ್ನು ಷೆಡ್ಡಿನಿಂದ ಆಚೆ ತಳ್ಳಲೂ ಬೇಡಿ. ಮೇಡಂ ಹೇಳಿದಂತೆ ನನ್ನ ಟೈ ರಾಡು ತೂಕ ಹೊರುವುದಿಲ್ಲ. ಆದರೂ ಡೈ ಡಬ್ಬಿಗಳನ್ನು ತರಿಸಿದ್ದೇನೆ, ಮಳೆಗಾಲಕ್ಕೆ ಮೊದಲು ಬಿಚ್ಚಿ ನೋಡುತ್ತೇನೆ.

ಲೋಹಶಾಸ್ತ್ರ:
ಬಿಚ್ಚಿದಾಗ ವೆಲ್ಡಿಂಗಿನ ಎರಡೂ ಅಂಚುಗಳನ್ನು ನೋಡಿ, ನಡುವನ್ನಲ್ಲ. ತೂಕ ಹೊರದಿದ್ದರೂ ಟೈ ರಾಡು ಮುರಿದರೆ ಸ್ಟಿಯರಿಂಗ್ ಇರುವುದಿಲ್ಲ.

ಕವೆಂಟ್ರಿ ಕನ್ನಡಿಗ:
ಜೋಡಿಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳನ್ನು ಬರೆಯುತ್ತೇನೆ. ಟ್ರನಿಯನ್ನನ್ನು ಕೈಯಿಂದಲೇ ತಿರುಗಿಸಬೇಕು, ಪಾನಾ ಬೇಕೆನಿಸಿದರೆ ಏನೋ ತಪ್ಪಾಗಿದೆ ಎಂದು ತಿಳಿಯಿರಿ. ಪೂರ್ತಿ ಒಳಕ್ಕೆ ಹೋಗಿ ತಡೆದ ಮೇಲೆ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಲು ಅವಕಾಶವಾಗುವಷ್ಟು ಹಿಂದಕ್ಕೆ ಬಿಡಿ. ತಳಕ್ಕೆ ಒತ್ತಿಕೊಂಡೇ ಜೋಡಿಸಿದರೆ ಒಂದು ಕಡೆಗೆ ತಿರುಗಿಸುವಾಗ ಥ್ರೆಡ್ಡು ಬಿಗಿದುಕೊಂಡು, ಲಿಂಕೇ ತಿರುಚಿಕೊಳ್ಳುವ ಅಪಾಯವಿದೆ. ಹೆರಾಲ್ಡಿನ ಚಕ್ರ ಬೇರೆ ಕಾರುಗಳಿಗಿಂತ ಬಹಳ ಹೆಚ್ಚು ತಿರುಗುತ್ತದೆ, 25 ಅಡಿಯ ವೃತ್ತದಲ್ಲಿ ಹೊರಳುವ ಕಾರು ಅದು. ರಬ್ಬರ್ ಉಂಗುರವನ್ನು ಹೊಸದೇ ಹಾಕಿ.

ಲೇತಿನ ಮೇಷ್ಟ್ರು:
ಹೊಸ ಲಿಂಕು ಬಂದ ಮೇಲೆ ಅದರ ಥ್ರೆಡ್ಡನ್ನೂ ಹಳೆಯದರ ಚೊಕ್ಕಟ ಭಾಗವನ್ನೂ ಅಕ್ಕಪಕ್ಕ ಇಟ್ಟು, ಹಲ್ಲಿಗೆ ಹಲ್ಲು ಸೇರುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಹೊಸದು ಎಂದ ಮಾತ್ರಕ್ಕೆ ಅಳತೆ ಸರಿಯಿರಬೇಕೆಂದಿಲ್ಲ.

ಮೈಸೂರಿನ ಹೆರಾಲ್ಡ್:
ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಲಿಂಕುಗಳು ಬಂದವು, ಮೇಷ್ಟ್ರು ಹೇಳಿದಂತೆ ಬೆಳಕಿಗೆ ಹಿಡಿದು ನೋಡಿದೆ, ಹಲ್ಲುಗಳು ಸೇರಿದವು. ಎಡ ಥ್ರೆಡ್ಡಿನ ಟ್ರನಿಯನ್ನಿಗೆ ಹಳದಿ ಬಣ್ಣ ಹಚ್ಚಿ ಗುರುತು ಮಾಡಿದೆವು. ಅದು ಬೆರಳಿನಲ್ಲೇ ಸಲೀಸಾಗಿ ತಿರುಗಿ ಕೂತಾಗ, ಅದೇ ಮೆಕ್ಯಾನಿಕ್ ತಾವಾಗಿಯೇ ಎರಡು ಸಲ ಬಿಚ್ಚಿ ಮತ್ತೆ ಹಾಕಿ ನೋಡಿದರು. 90ರ ಎಣ್ಣೆಯನ್ನು ಮೇಲಿನಿಂದ ಒಸರುವವರೆಗೆ ತುಂಬಿದೆವು. ಬಲಗಡೆಯ ಹಳೆಯ ಲಿಂಕಿನಲ್ಲಿ ಬಿರುಕು ಇರಲಿಲ್ಲ, ಆದರೂ ಅದೇ ಜಾಗದಲ್ಲಿ ಗುಳಿಗಳು ಶುರುವಾಗಿದ್ದವು.

ನಿನ್ನೆ ಬೆಳಿಗ್ಗೆ ಶ್ರೀರಂಗಪಟ್ಟಣದವರೆಗೆ ನಿಧಾನವಾಗಿ ಹೋಗಿಬಂದೆವು. ತಿರುವಿನ ನಂತರ ಸ್ಟಿಯರಿಂಗು ತಾನಾಗಿ ನೇರಕ್ಕೆ ಮರಳುತ್ತಿದೆ. ಮೊದಲು ಅದನ್ನು ಕೈಯಿಂದ ಎಳೆದು ತರಬೇಕಿತ್ತು, ಹಳೆಯ ಕಾರಿನ ಸ್ವಭಾವವೇ ಹಾಗೆ ಎಂದು ನಾವೆಲ್ಲ ನಂಬಿದ್ದೆವು. ಬಿರುಕು ಬಿಟ್ಟ ಲಿಂಕನ್ನು ಯಾರೂ ಬೆಸೆದು ಮತ್ತೆ ಬಳಸಬಾರದೆಂದು ಗರಗಸದಿಂದ ಥ್ರೆಡ್ಡಿನ ನಡುವೆಯೇ ಎರಡು ತುಂಡು ಮಾಡಿ ಗುಜರಿಗೆ ಕೊಟ್ಟೆ.